ರೋಮ್‌ನಲ್ಲಿ ಆರು ದಿನ, ಮೊಟ್ಟೆ ಕೂಡ ಮುಟ್ಟದ ಅತ್ತೆ ಜೊತೆಗಿದ್ದಾರೆ. ಊಟ ಎಲ್ಲಿ?

ಬಸವನಗುಡಿ_ಸೊಸೆ · ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೇ ವಾರ, ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ರೋಮ್‌ಗೆ ಹೊರಟಿದ್ದೀವಿ. ಐದು ಜನ: ನಾನು, ಯಜಮಾನ್ರು, 12 ಮತ್ತು 7 ವರ್ಷದ ಇಬ್ಬರು ಮಕ್ಕಳು, 68 ವರ್ಷದ ಅತ್ತೆ. ಅತ್ತೆ ಶುದ್ಧ ಸಸ್ಯಾಹಾರಿ, ಕೇಕ್ ಕೊಟ್ಟರೂ "ಮೊಟ್ಟೆ ಇದೆಯಾ" ಅಂತ ಕೇಳೋರು. ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತೆ. ಯಜಮಾನ್ರು ಹೊರಗಡೆ ಚಿಕನ್ ತಿಂತಾರೆ, ಅಮ್ಮನ ಎದುರಿಗೆ ಮಾತ್ರ ತಿನ್ನಲ್ಲ. (ಅತ್ತೆ ಇಲ್ಲಿಗೆ ಬರಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.)

ರೀಲ್ಸ್ ನೋಡಿ ನೋಡಿ 14 ಹೋಟೆಲ್‌ಗಳ ಪಟ್ಟಿ ಮಾಡಿದ್ದೀನಿ. ಯಾವ ದಿನ ಮಧ್ಯಾಹ್ನ ಎಲ್ಲಿ, ರಾತ್ರಿ ಎಲ್ಲಿ, ಎಲ್ಲಾ ಎಕ್ಸೆಲ್‌ನಲ್ಲಿದೆ. ಅದರಲ್ಲಿ ಅರ್ಧಕ್ಕರ್ಧ ಕಡೆ ಬುಕಿಂಗ್ ಇಲ್ಲ, ಬೀದಿಯಲ್ಲಿ ಸರದಿ ನಿಲ್ಲಬೇಕಂತೆ. ಉಳಿದುಕೊಳ್ಳೋದು ತೆರ್ಮಿನಿ ರೈಲ್ವೆ ನಿಲ್ದಾಣದ ಹತ್ತಿರ, ಅಡುಗೆಮನೆ ಇರೋ ಅಪಾರ್ಟ್‌ಮೆಂಟ್. ಹೋಗಿ ಬಂದವರು, ಅಲ್ಲೇ ಇರೋರು ಸ್ವಲ್ಪ ದಾರಿ ತೋರಿಸಿ.

ಧಾರವಾಡ_ಪೇಡೆ · ಫೆಬ್ರವರಿ 9

ಅಕ್ಕಾರ, ಆರು ದಿನಕ್ಕ ಹದಿನಾಲ್ಕು ಹೋಟೆಲ್ಲು! ಊರು ಯಾವಾಗ ನೋಡಾವ್ರು ನೀವು?

ಟಿಕೆಟ್_ಸಿಕ್ರೆ_ಸಾಕು · ಫೆಬ್ರವರಿ 9

ಮೇಡಂ, ತಲೆ ಕೆಡಿಸ್ಕೋಬೇಡಿ. ತೆರ್ಮಿನಿ ಸುತ್ತ ಇಂಡಿಯನ್ ಹೋಟೆಲ್‌ಗಳು ಬೇಕಾದಷ್ಟಿವೆ. ನಾವು ಟೂರ್ ಗುಂಪಿನಲ್ಲಿ ಹೋಗಿದ್ವಿ, ಮೂರು ರಾತ್ರಿಯೂ ಅನ್ನ, ದಾಲ್, ಆಲೂ ಗೋಬಿ. ಹಿರಿಯರಿಗೆ ಹೊಟ್ಟೆ ಸರಿ ಇದ್ರೆ ಪ್ರವಾಸ ಅರ್ಧ ಗೆದ್ದ ಹಾಗೆ.

ಟೈಬರ್_ದಂಡೆ · ಫೆಬ್ರವರಿ 10

ಆರು ವರ್ಷದಿಂದ ರೋಮ್‌ನಲ್ಲಿದ್ದೇನೆ, ಊರು ಸಾಗರ. ನಮ್ಮಪ್ಪ ಅಮ್ಮ ಎರಡು ಸಲ ಬಂದು ಹೋಗಿದ್ದಾರೆ. ಆ ಅನುಭವದ ಮೇಲೆ ಹೇಳ್ತಿದ್ದೇನೆ.

ಮೊದಲು ನಿಮ್ಮ ಎಕ್ಸೆಲ್ ಮುಚ್ಚಿಡಿ. ಅದರಲ್ಲಿರುವ ಹೆಸರುಗಳು ಕೆಟ್ಟವು ಅಂತಲ್ಲ. ಅವು ಪ್ರಸಿದ್ಧವಾಗಿರುವುದೇ ಕಾರ್ಬೊನಾರಾ, ಅಮಾತ್ರಿಚಾನಾ, ಗ್ರಿಚಾ ಎಂಬ ಪಾಸ್ತಾಗಳಿಂದ, ಮೂರಕ್ಕೂ ಬೀಳುವುದು ಗ್ವಾಂಚಾಲೆ, ಅಂದರೆ ಹಂದಿಯ ಕೆನ್ನೆಯ ಮಾಂಸ. ಕಾರ್ಬೊನಾರಾಕ್ಕೆ ಮೊಟ್ಟೆಯೂ ಸೇರುತ್ತದೆ. ರೋಮ್‌ನ ನಾಲ್ಕು ಹೆಸರುವಾಸಿ ಪಾಸ್ತಾಗಳಲ್ಲಿ ಮಾಂಸವಿಲ್ಲದ್ದು ಕಾಚೊ ಎ ಪೆಪೆ ಒಂದೇ: ಚೀಸು ಮತ್ತು ಕಾಳುಮೆಣಸು. ಅದೊಂದಕ್ಕಾಗಿ ಐದು ಜನ, ಅದರಲ್ಲೂ ಒಬ್ಬರು ಹಿರಿಯರು, ಬಿಸಿಲಲ್ಲಿ ಒಂದು ತಾಸು ನಿಲ್ಲುವುದು ಬೇಡ.

ಇಲ್ಲಿ ಹೆಸರಿಗಿಂತ ಹೊತ್ತು ಮುಖ್ಯ. ಊಟದ ಹೋಟೆಲ್‌ಗಳ ಒಲೆ ಮಧ್ಯಾಹ್ನ ಹನ್ನೆರಡೂವರೆಗೆ ಹೊತ್ತುತ್ತದೆ, ಎರಡೂವರೆ ಮೂರಕ್ಕೆ ಆರುತ್ತದೆ. ಮತ್ತೆ ಹೊತ್ತುವುದು ರಾತ್ರಿ ಏಳೂವರೆಗೆ. ನಡುವೆ ಬಾಗಿಲು ತೆರೆದು "ಬನ್ನಿ ಬನ್ನಿ" ಅಂತ ಕೈ ಬೀಸುವವರಿದ್ದರೆ, ಫೋಟೊ ಹಾಕಿದ ಮೆನು ಹಿಡಿದಿದ್ದರೆ, ಹಾಗೇ ಮುಂದೆ ನಡೆಯಿರಿ. ಏಳು ವರ್ಷದ ಮಗುವಿಗೆ ಆರು ಗಂಟೆಗೆ ಹಸಿವಾಗುತ್ತದೆ ಅನ್ನುವುದು ನನಗೂ ಗೊತ್ತು. ಅದಕ್ಕೆ ಉತ್ತರ ಪಿಜ್ಜಾ ಅಲ್ ತಾಲ್ಯೊ. ದೊಡ್ಡ ತಟ್ಟೆಯಲ್ಲಿ ಸುಟ್ಟ ಪಿಜ್ಜಾವನ್ನು ಕತ್ತರಿಯಿಂದ ಕತ್ತರಿಸಿ ತೂಗಿ ಕೊಡುತ್ತಾರೆ. "ಉನ್ ಎತ್ತೊ" ಅಂದರೆ 100 ಗ್ರಾಂ. ಇಂಥ ಅಂಗಡಿಗಳಲ್ಲಿ ಎಷ್ಟೋ ಸಂಜೆ ತನಕ ಮುಚ್ಚುವುದಿಲ್ಲ. ಪಿಜ್ಜಾ ಬಿಯಾಂಕಾದಲ್ಲಿ ಎಣ್ಣೆ ಉಪ್ಪು, ರೊಸ್ಸಾದಲ್ಲಿ ಟೊಮೆಟೊ ಮಾತ್ರ. ಆಲೂಗಡ್ಡೆ ಹಾಕಿದ್ದನ್ನು ನಮ್ಮಮ್ಮ "ಮಸಾಲೆ ಇಲ್ಲದ ಮಸಾಲೆ ದೋಸೆ" ಅಂತ ಕರೆದಳು.

ವ್ಯಾಟಿಕನ್ ಮ್ಯೂಸಿಯಂ ದಿನ ಚೀಪ್ರೊ ಮೆಟ್ರೊ ಹತ್ತಿರದ ಪಿಜ್ಜಾರಿಯುಂ ಅನ್ನುವ ಇಂಥದೇ ಅಂಗಡಿಗೆ ಹೋಗಿ. ಗಾಬ್ರಿಯೆಲೆ ಬೋಂಚಿ 2003ರಲ್ಲಿ ತೆರೆದದ್ದು. ಕೂರಲು ಜಾಗ ಇಲ್ಲವೆನ್ನುವಷ್ಟು ಕಡಿಮೆ, ಜನ ಜಾಸ್ತಿ. ಆದರೆ ತರಕಾರಿ ಪಿಜ್ಜಾದಲ್ಲಿ ಆತನ ಕೈ ದೊಡ್ಡದು.

ಮೊಟ್ಟೆ ವಿಚಾರ: ಒಣ ಪಾಸ್ತಾದಲ್ಲಿ, ಅಂದರೆ ಸ್ಪಗೆಟಿ, ಪೆನ್ನೆ, ರಿಗಾತೋನಿಯಲ್ಲಿ ಗೋಧಿ ರವೆ ಮತ್ತು ನೀರು ಮಾತ್ರ. ಅಂಗಡಿಯಲ್ಲೇ ಹೊಸೆದ ಹಸಿ ಪಾಸ್ತಾ, ಫೆತ್ತುಚೀನೆ, ರವಿಯೋಲಿ, ಲಸಾನ್ಯಾ, ಇವಕ್ಕೆಲ್ಲ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ. ಆಲೂಗಡ್ಡೆಯ ನ್ಯೊಕ್ಕಿಗೂ ಎಷ್ಟೋ ಕಡೆ ಹಾಕುತ್ತಾರೆ. ಹೊರಗಿನವರಿಗೆ "ಮನೆಯಲ್ಲೇ ಮಾಡಿದ್ದು" ಅಂದರೆ ಆಕರ್ಷಣೆ. ನಿಮ್ಮ ಅತ್ತೆಗೆ ಪ್ಯಾಕೆಟ್ ಪಾಸ್ತಾನೇ ದೇವರು.

ಕುಡ್ಲದ_ಹುಡುಗಿ · ಫೆಬ್ರವರಿ 10

ಟೈಬರ್ ಅವರು ಹೇಳಿದ್ದು ಸರಿ ಉಂಟು. ಮೀನಿನ ವಿಷಯ ಒಂದು ಸೇರಿಸ್ತೇನೆ. ಸಿಹಿಗುಂಬಳದ ಹೂವಿನಂಥ ಹೂವನ್ನು ಹಿಟ್ಟಲ್ಲಿ ಅದ್ದಿ ಕರೀತಾರೆ, ಫಿಯೋರಿ ದಿ ಜುಕ್ಕಾ ಅಂತ. ನೋಡಿದ್ರೆ ನಮ್ಮ ಪೋಡಿಯೇ. ಕಣ್ಣು ಮುಚ್ಚಿ ಬಾಯಿಗೆ ಹಾಕಿದೆ, ಒಳಗೆ ಚೀಸಿನ ಜೊತೆ ಅಲಿಚಿ! ಅದೆಂತ ಅಂದ್ರೆ ಉಪ್ಪಲ್ಲಿಟ್ಟ ಸಣ್ಣ ಮೀನು. ನಂಗೆ ಖುಷಿಯೇ ಆಯ್ತು ಮಾರಾಯ್ರೆ, ನಿಮ್ಮ ಅತ್ತೆಗೆ ಆಗ್ಲಿಕ್ಕಿಲ್ಲ. ಪುಂತಾರೆಲ್ಲೆ ಅಂತ ಒಂದು ಸೊಪ್ಪಿನ ಕೋಸಂಬರಿ ಮಾಡ್ತಾರೆ, ಅದಕ್ಕೂ ಅದೇ ಮೀನು ಅರೆದು ಹಾಕ್ತಾರೆ. "ಸೊಪ್ಪಲ್ವಾ" ಅಂತ ನಂಬ್ಲಿಕ್ಕೆ ಹೋಗ್ಬೇಡಿ.

ಬಸವನಗುಡಿ_ಸೊಸೆ · ಫೆಬ್ರವರಿ 10

ಅಯ್ಯೋ! ಆ ಹೂವಿನ ಬಜ್ಜಿ ನನ್ನ ಪಟ್ಟಿಯಲ್ಲಿ ಅತ್ತೆಯ ಹೆಸರಿನ ಮುಂದೇನೇ ಇತ್ತು. ಹಾಗಾದ್ರೆ "ವೆಜಿಟೇರಿಯನ್" ಅಂತ ಹೇಳಿದ್ರೆ ಸಾಲಲ್ವಾ?

ಟೈಬರ್_ದಂಡೆ · ಫೆಬ್ರವರಿ 10

ಸಾಲದು. "ವೆಜೆತರಿಯಾನಾ" ಅಂದರೆ ಅರ್ಥವಾಗುತ್ತದೆ, ಆದರೆ ಮಾಂಸ ಬೇಯಿಸಿದ ಸಾರು ಅವರ ಲೆಕ್ಕದಲ್ಲಿ ಮಾಂಸವಲ್ಲ. ರಿಸೊತ್ತೊ, ತರಕಾರಿ ಸೂಪು ಮಾಂಸದ ಬ್ರೊದೊದಲ್ಲಿ ಬೆಂದಿರಬಹುದು. ಬೀದಿಬದಿಯ ಸುಪ್ಲಿ ಅನ್ನುವ ಅನ್ನದ ಬೋಂಡಾಕ್ಕೆ ಸಂಪ್ರದಾಯದಂತೆ ಮಾಂಸದ ಗೊಜ್ಜು ಬೆರೆಸಿರುತ್ತಾರೆ. ಆದ್ದರಿಂದ ಒಂದೊಂದನ್ನೂ ಬಿಡಿಸಿ ಹೇಳಿ: "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ಉವೋವಾ, ಸೆಂತ್ಸಾ ಬ್ರೊದೊ." ಮಾಂಸ, ಮೀನು, ಮೊಟ್ಟೆ, ಸಾರು ಬೇಡ ಅಂತ. ಇಟಾಲಿಯನ್‌ನಲ್ಲಿ ಚೀಟಿ ಬರೆದು ಫೋನಿನಲ್ಲಿ ಇಟ್ಟುಕೊಂಡು ತೋರಿಸಿದರೆ ಇನ್ನೂ ಒಳ್ಳೆಯದು, ಬಡಿಸುವವರು ಅದನ್ನು ಒಳಗೆ ಅಡುಗೆಯವರಿಗೇ ತೋರಿಸಿ ಬರುತ್ತಾರೆ.

ಧೈರ್ಯವಾಗಿ ಕೇಳಬಹುದಾದ ಎರಡು: ಪೆನ್ನೆ ಆಲ್ಅರ್ರಾಬ್ಬಿಯಾತಾ, ಈ ಸೀಮೆಯದೇ ಅಡುಗೆ, ಟೊಮೆಟೊ ಬೆಳ್ಳುಳ್ಳಿ ಒಣಮೆಣಸಿನಕಾಯಿ, ನಮ್ಮ ನಾಲಿಗೆಗೆ ಹತ್ತಿರ. ಇನ್ನೊಂದು ಚಿಕೋರಿಯಾ ರಿಪಸ್ಸಾತಾ. ಸ್ವಲ್ಪ ಕಹಿ ಸೊಪ್ಪನ್ನು ಬೇಯಿಸಿ ಹಿಂಡಿ, ಬೆಳ್ಳುಳ್ಳಿ ಮೆಣಸಿನಕಾಯಿ ಒಗ್ಗರಣೆಯಲ್ಲಿ ಬಾಡಿಸಿದ ಪಲ್ಯ. ಮೆನುವಿನಲ್ಲಿ ಕೊಂತೋರ್ನಿ ಅನ್ನುವ ಸಾಲಿನ ಕೆಳಗೆ ಹುಡುಕಿ, ಪಲ್ಯಗಳೆಲ್ಲ ಅಲ್ಲೇ.

ಸೂರ್ಯಾಸ್ತದೊಳಗೆ_ಊಟ · ಫೆಬ್ರವರಿ 11

ಹೇಳಲೋ ಬೇಡವೋ ಅಂತ ಯೋಚಿಸಿದೆ. ಚೀಸು ಶುದ್ಧ ಸಸ್ಯಾಹಾರ ಅಲ್ಲ. ಪೆಕೊರಿನೊ ರೊಮಾನೊವನ್ನು ಹೆಪ್ಪು ಹಾಕುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಲ್ಲಿ. ಪಾರ್ಮೆಸಾನ್ ಅಂತೀವಲ್ಲ, ಆ ಪಾರ್ಮಿಜ್ಯಾನೊಗೆ ಕರುವಿನದು. ಆ ಹೆಸರಿನಲ್ಲಿ ಮಾರಬೇಕಾದರೆ ಹಾಗೇ ಮಾಡಬೇಕು ಅನ್ನುವುದು ಅವರ ನಿಯಮ. ನಮ್ಮಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇರುತ್ತದೆ, ಹಾಗಾಗಿ ನಾವು ಇದನ್ನು ಯೋಚಿಸಿಯೇ ಇರುವುದಿಲ್ಲ.

ಟಿಕೆಟ್_ಸಿಕ್ರೆ_ಸಾಕು · ಫೆಬ್ರವರಿ 11

ಇದನ್ನೆಲ್ಲ ಅತ್ತೆಗೆ ಹೇಳಬೇಡಿ ಮೇಡಂ. ಗೊತ್ತಿಲ್ಲದೆ ತಿಂದದ್ದಕ್ಕೆ ದೋಷ ಇಲ್ಲ.

ಸೂರ್ಯಾಸ್ತದೊಳಗೆ_ಊಟ · ಫೆಬ್ರವರಿ 11

ಅತ್ತೆಗೆ ಗೊತ್ತಿಲ್ಲ, ಸೊಸೆಗೆ ಗೊತ್ತಲ್ಲ. ದೋಷ ಯಾರ ಲೆಕ್ಕಕ್ಕೆ?

ಧಾರವಾಡ_ಪೇಡೆ · ಫೆಬ್ರವರಿ 11

ನಮ್ಮವ್ವಗ ಹೀಂಗs ಮುಚ್ಚಿಟ್ಟಿದ್ವಿ, ಪ್ಯಾರಿಸ್‌ದಾಗ. ಊರಿಗೆ ಬಂದಮ್ಯಾಲೆ ನನ್ನ ಮಗಳು ಬಾಯಿ ಬಿಟ್ಲು. ಆರು ತಿಂಗಳು ನನ್ನ ಕೈಯಾಗಿನ ಚಾ ಕುಡೀಲಿಲ್ರೀ. ಹೇಳಿಬಿಡ್ರಿ, ತಿನ್ನೂದು ಬಿಡೂದು ಅವರಿಗೆ ಬಿಟ್ಟಿದ್ದು.

ಮತ್ತ ತಿನಿಸು ಕಟ್ಟಿಗೊಂಡು ಹೋಗೂ ವಿಚಾರ? ಶೇಂಗಾ ಚಟ್ನಿ, ಖಡಕ್ ರೊಟ್ಟಿ, ನಾಕು ಡಬ್ಬಿ ಪೇಡೆ ಒಯ್ರಿ.

ಟೈಬರ್_ದಂಡೆ · ಫೆಬ್ರವರಿ 11

ರೊಟ್ಟಿ, ಚಟ್ನಿಪುಡಿ, ಅವಲಕ್ಕಿ ತರಬಹುದು. ಪೇಡೆ ಬೇಡ! ಯುರೋಪಿಯನ್ ಒಕ್ಕೂಟದೊಳಕ್ಕೆ ಹೊರದೇಶದಿಂದ ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಪನೀರು, ಖೋವಾ ಎಲ್ಲ ಅದರಲ್ಲೇ ಬಂತು. ಅಂದರೆ ಪೇಡೆಯವರೇ, ನಿಮ್ಮನ್ನು ಹೆಸರು ನೋಡಿಯೇ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಹಸಿ ಕರಿಬೇವೂ ಬೇಡ. ಬಸವನಗುಡಿಯವರೇ, ನಿಮ್ಮ ಅಪಾರ್ಟ್‌ಮೆಂಟ್ ತೆರ್ಮಿನಿ ಹತ್ತಿರ ಅಂದಿರಲ್ಲ, ನಡೆದು ಹೋದರೆ ಪಿಯಾತ್ಸಾ ವಿತ್ತೋರಿಯೊ ಬಳಿ ಎಸ್ಕ್ವಿಲೀನೊ ಮಾರುಕಟ್ಟೆ ಸಿಗುತ್ತದೆ. ಬಾಂಗ್ಲಾದೇಶದವರ ಅಂಗಡಿಗಳಲ್ಲಿ ಬೇಳೆ, ಅಕ್ಕಿ, ಹಸಿಮೆಣಸಿನಕಾಯಿ, ಬೆಂಡೆಕಾಯಿ, ಏನು ಬೇಕೋ ಕೇಳಿ. ನಾನು ಸಾರಿನಪುಡಿ ಮಾತ್ರ ಊರಿಂದ ತರಿಸುವುದು.

ಚೀಸಿನ ಮಾತು ನಿಜ, ನಾನು ಮರೆತಿದ್ದೆ (ಮರೆತೆ ಅನ್ನುವುದಕ್ಕಿಂತ, ಮರೆತಂತೆ ಇದ್ದೇನೆ). ಆಹಾರದ ಅಂಗಡಿಯಲ್ಲಿ ಕೊಳ್ಳುವುದಾದರೆ "ಕಾಲ್ಯೊ ವೆಜೆತಾಲೆ" (ಸಸ್ಯದ ರೆನೆಟ್) ಅಥವಾ "ಮಿಕ್ರೊಬಿಕೊ" (ಸೂಕ್ಷ್ಮಜೀವಿಯದು) ಅಂತ ಬರೆದ ಚೀಸು ನೋಡಿ. ಹೋಟೆಲ್‌ನಲ್ಲಿ "ಸೆಂತ್ಸಾ ಫೊರ್ಮಾಜ್ಜೊ", ಚೀಸು ಬೇಡ, ಅನ್ನುವುದೊಂದೇ ದಾರಿ.

ಮುದ್ದೆ_ಮಂಡ್ಯ · ಫೆಬ್ರವರಿ 12

ಅಕ್ಕಾ ನಿಮ್ಮ ಮಧ್ಯೆ ನಂದೊಂದು. ನಾನು ಜೂನ್‌ನಲ್ಲಿ ಹೋಯ್ತಾ ಇವ್ನಿ, ಒಬ್ನೇ. ಸೊಪ್ಪು ಸದೆ ಬ್ಯಾಡ. ರೋಮ್‌ನಲ್ಲಿ ಬೋಟಿ ಸಿಕ್ತದೆ ಅಂತ ಯಾರೋ ಅಂದ್ರು, ದಿಟವಾ?

ಟೈಬರ್_ದಂಡೆ · ಫೆಬ್ರವರಿ 12

ದಿಟ ಅಣ್ಣ. ತೆಸ್ತಾಚೊ ಅನ್ನುವ ಬಡಾವಣೆಗೆ ಹೋಗಿ. 1975ರವರೆಗೂ ಊರಿನ ಕಸಾಯಿಖಾನೆ ಅಲ್ಲಿತ್ತು. ಒಳ್ಳೆಯ ತುಂಡುಗಳು ಸಿರಿವಂತರ ಮನೆಗೆ, ಚರ್ಚಿನವರಿಗೆ ಹೋಗುತ್ತಿದ್ದವು. ಕೆಲಸದವರ ಪಾಲಿಗೆ ಉಳಿದದ್ದು ಕರುಳು, ಬಾಲ, ನಾಲಿಗೆ. ಅದಕ್ಕೆ "ಐದನೇ ಕಾಲು ಭಾಗ" ಅಂತ ಹೆಸರು, ಕ್ವಿಂತೊ ಕ್ವಾರ್ತೊ. ಸುತ್ತಲಿನ ಹೋಟೆಲ್‌ಗಳು ಅದರಲ್ಲೇ ಹೆಸರು ಮಾಡಿದವು. ಶನಿವಾರ ತ್ರಿಪ್ಪಾ, ಅಂದರೆ ನಿಮ್ಮ ಬೋಟಿ: ಟೊಮೆಟೊ, ಪೆಕೊರಿನೊ, ಪುದೀನಾ ಜಾತಿಯ ಸೊಪ್ಪು ಹಾಕಿದ್ದು. ಗುರುವಾರ ನ್ಯೊಕ್ಕಿ, ಶುಕ್ರವಾರ ಮೀನು, ಶನಿವಾರ ತ್ರಿಪ್ಪಾ ಅನ್ನುವುದು ಇಲ್ಲಿನ ಹಳೆಯ ರೂಢಿ.

ಆದರೆ ಮೊದಲೇ ಹೇಳಿಬಿಡ್ತೇನೆ: ತ್ರಿಪ್ಪಾ ದನದ್ದು. ಕೋದಾ ಅಲ್ಲಾ ವಚ್ಚಿನಾರಾ ಅನ್ನುವುದು ದನದ ಬಾಲ.

ಮುದ್ದೆ_ಮಂಡ್ಯ · ಫೆಬ್ರವರಿ 12

ಅದ್ ಆಗಕಿಲ್ಲ. ನಮ್ಮವ್ವ ಬಾಗ್ಲೊಳಿಕ್ಕೆ ಸೇರ್ಸಕಿಲ್ಲ. ಕುರಿದಿಲ್ವಾ?

ಟೈಬರ್_ದಂಡೆ · ಫೆಬ್ರವರಿ 12

ಇದೆ. ಕೊರತೆಲ್ಲಾ ಅಂತ ಕೇಳಿ, ಕುರಿಮರಿಯ ಗುಂಡಿಗೆ, ಈಲಿ, ಶ್ವಾಸಕೋಶ ಎಲ್ಲ ಸೇರಿಸಿ ಹುರಿದದ್ದು. ಬರೀ ಮಾಂಸ ಬೇಕಿದ್ದರೆ ಅಬ್ಬಾಕ್ಯೊ ಅಲ್ಲೊ ಸ್ಕೊತ್ತಾದೀತೊ: ಎಳೆ ಕುರಿಮರಿಯ ಪಕ್ಕೆಲುಬು, ಕೆಂಡದ ಮೇಲೆ ಸುಟ್ಟದ್ದು. ಹೆಸರಿನ ಅರ್ಥವೇ "ಬೆರಳು ಸುಡುವಂಥದ್ದು". ಕೈಯಲ್ಲೇ ಹಿಡಿದು ತಿನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮುದ್ದೆ ಮಾತ್ರ ಇಲ್ಲ.

ಮುದ್ದೆ_ಮಂಡ್ಯ · ಫೆಬ್ರವರಿ 12

ಹಿಟ್ಟು ನಾನೇ ತತ್ತೀನಿ ಬುಡಿ.

ಕುಡ್ಲದ_ಹುಡುಗಿ · ಫೆಬ್ರವರಿ 13

ಬಸವನಗುಡಿ ಅಕ್ಕ, ಅತ್ತೆಗೆ ಇನ್ನೊಂದು ದಾರಿ ಉಂಟು. ಯಹೂದಿಗಳ ಕೇರಿ, ಗೆತ್ತೊ ಅಂತಾರೆ. 1555ರಲ್ಲಿ ಪೋಪ್ ನಾಲ್ಕನೇ ಪೌಲ್ ಗೋಡೆ ಹಾಕಿಸಿ ಅವರನ್ನು ಅದರೊಳಗೆ ಕೂಡಿಹಾಕಿದ ಜಾಗ. ಅಲ್ಲಿನ ಕೋಶರ್, ಅಂದ್ರೆ ಅವರ ಧರ್ಮದ ಊಟದ ನಿಯಮ ಪಾಲಿಸುವ ಹೋಟೆಲ್‌ಗಳಲ್ಲಿ ಹಾಲು ಮತ್ತು ಮಾಂಸ ಒಂದೇ ಅಡುಗೆಮನೆಯಲ್ಲಿ ಇರ್ಲಿಕ್ಕೆ ಇಲ್ಲ. ಹಾಲಿನ ಹೋಟೆಲ್ ಅಂದ್ರೆ ಮಾಂಸದ ಪಾತ್ರೆಯೇ ಒಳಗೆ ಬರುವುದಿಲ್ಲ. ಮೀನು, ಮೊಟ್ಟೆ ಇರ್ತದೆ, ಅದನ್ನು ಕೇಳಿಕೊಳ್ಬೇಕು. ಬಾಗಿಲಲ್ಲೇ "ಕಾರ್ನೆ ಒ ಲಾತ್ತೆ" ಅಂತ ಕೇಳಿದ್ರೆ ಹೇಳ್ತಾರೆ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ ಮುಚ್ಚಿರ್ತದೆ, ಆ ದಿನ ಹೋಗ್ಬೇಡಿ.

ಏಪ್ರಿಲ್ ಅಂದ್ರೆ ಕಾರ್ಚೋಫಿ ಕಾಲ. ನಮ್ಮಲ್ಲಿ ಆರ್ಟಿಚೋಕ್ ಅಂತಾರಲ್ಲ, ಅದು. ಇಡೀ ಮೊಗ್ಗನ್ನು ಆಲಿವ್ ಎಣ್ಣೆಯಲ್ಲಿ ಎರಡು ಸಲ ಕರೀತಾರೆ, ಎಸಳೆಲ್ಲ ಬಿಚ್ಚಿ ಕಂಚಿನ ಹೂವಿನ ಹಾಗೆ ಆಗ್ತದೆ. ಅಲ್ಲಾ ಜುದೀಯಾ ಅಂತ ಹೇಳಿ. ಎಣ್ಣೆ, ಉಪ್ಪು, ಮೊಗ್ಗು, ಮತ್ತೆಂತ ಇಲ್ಲ.

ಬಸವನಗುಡಿ_ಸೊಸೆ · ಫೆಬ್ರವರಿ 14

ಪಟ್ಟಿ ಹರಿದು ಹಾಕಿದೆ. ಈಗ ಎರಡೇ ಬುಕಿಂಗ್: ವಿಯಾ ಮಾರ್ಗುತ್ತಾದಲ್ಲಿ 1979ರಿಂದ ಇರೋ ಸಸ್ಯಾಹಾರಿ ಹೋಟೆಲ್ ಒಂದು, ಮೊದಲ ರಾತ್ರಿಗೆ ಮನೆ ಹತ್ತಿರ ಒಂದು. ಉಳಿದದ್ದು ಅಲ್ಲಿ ಹೋದ ಮೇಲೆ. ಬಿಲ್ ಬಗ್ಗೆ ಏನಾದ್ರೂ ಎಚ್ಚರಿಕೆ ಇದೆಯಾ?

ಟೈಬರ್_ದಂಡೆ · ಫೆಬ್ರವರಿ 14

ಕೊಪೆರ್ತೊ, ಅಂದರೆ ಕುಳಿತದ್ದಕ್ಕೇ ತಲೆಗಿಷ್ಟು ಅಂತ ಹಾಕುವುದನ್ನು ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರ ಕಾನೂನಿನಲ್ಲಿ ನಿಷೇಧಿಸಿದೆ. ಅದಕ್ಕೇ "ಪಾನೆ", ಬ್ರೆಡ್ಡು, ಅಂತ ಹಾಕುತ್ತಾರೆ. ಬೇಡವೆಂದರೆ ಬುಟ್ಟಿ ಬಂದ ಕೂಡಲೇ ವಾಪಸ್ ಕೊಡಿ. ನೀರು ಬಾಟಲಿಯದೇ ಬರುತ್ತದೆ, ದುಡ್ಡು. ಬೀದಿಯಲ್ಲಾದರೆ ನಾಸೋನಿ ನಲ್ಲಿಗಳಿವೆ, ಸುಮಾರು 2,500, ಹಗಲು ರಾತ್ರಿ ತಣ್ಣನೆ ಕುಡಿಯುವ ನೀರು. ಕಾಫಿ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಇನ್ನೊಂದು. ನಮ್ಮ ದರ್ಶಿನಿಗೂ ಸರ್ವಿಸ್ ಹಾಲ್‌ಗೂ ಇರುವ ವ್ಯತ್ಯಾಸವೇ, ಸ್ವಲ್ಪ ಜಾಸ್ತಿ ಅಷ್ಟೆ. ಕೆಲವು ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು ಕೌಂಟರಿಗೆ ಹೋಗಬೇಕು, ಅದೂ ದರ್ಶಿನಿಯೇ.

ಬಸವನಗುಡಿ_ಸೊಸೆ · ಏಪ್ರಿಲ್ 24

ಬಂದ್ವಿ. ವರದಿ ಒಪ್ಪಿಸದೆ ಇದ್ರೆ ತಪ್ಪಾಗುತ್ತೆ.

ಹೊರಡೋ ಹಿಂದಿನ ದಿನ ಅತ್ತೆಗೆ ಚೀಸಿನ ವಿಷಯ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ಮನೇಲಿ ಇಷ್ಟು ದಿನ ಮಕ್ಕಳ ಪಾಸ್ತಾ ಮೇಲೆ ಉದುರಿಸ್ತಿದ್ದೆಯಲ್ಲ ಆ ಡಬ್ಬಿ ಯಾವ್ದು?" ಅಂದ್ರು. ಹಸಿರು ಚುಕ್ಕೆ ಹುಡುಕಿ ತೋರಿಸೋ ತನಕ ಬಿಡಲಿಲ್ಲ. ರೋಮ್‌ನಲ್ಲಿ ಆರೂ ದಿನ ಚೀಸು ಮುಟ್ಟಲಿಲ್ಲ, ಅದಕ್ಕೆ ಬೇಜಾರೂ ಮಾಡ್ಕೊಳ್ಲಿಲ್ಲ. ಚಿಕೋರಿಯಾ ಪಲ್ಯ ಮೂರು ಸಲ ತಿಂದ್ರು. ನಾಲ್ಕನೇ ಸಲ ಕಹಿ ಜಾಸ್ತಿ ಆಯ್ತು, "ಇವತ್ತು ಸರಿಯಾಗಿ ಹಿಂಡಿಲ್ಲ" ಅಂತ ತೀರ್ಪು ಕೊಟ್ರು.

ಗೆತ್ತೊದಲ್ಲಿ ಕಾರ್ಚೋಫಿ ತಿಂದದ್ದು ಮಂಗಳವಾರ ಮಧ್ಯಾಹ್ನ. ತಟ್ಟೆ ಬರೋಕೆ ಮುಂಚೆ ಅತ್ತೆ ಎದ್ದು ಹೊರಗೆ ಹೋದ್ರು. ನೋಡಿದ್ರೆ ಬಾಗಿಲ ಪಕ್ಕ ಒಬ್ಬರು ಕೂತು ಮೊಗ್ಗಿನ ಹೊರ ಎಸಳು ಬಿಡಿಸಿ, ಸುತ್ತ ಕತ್ತರಿಸಿ, ನಿಂಬೆರಸದ ನೀರಿಗೆ ಹಾಕ್ತಿದ್ರು. ಇಲ್ಲಾಂದ್ರೆ ಕಪ್ಪಾಗುತ್ತಂತೆ. ಅತ್ತೆ ಕನ್ನಡದಲ್ಲೇ "ನಾವು ಬಾಳೆಹೂವಿಗೆ ಮಜ್ಜಿಗೆ ಹಾಕ್ತೀವಿ" ಅಂತ ಅವರಿಗೆ ವಿವರಿಸ್ತಾ ಇದ್ರು. ಅವರು ಇಟಾಲಿಯನ್‌ನಲ್ಲಿ ಏನೋ ಹೇಳ್ತಿದ್ರು. ಹತ್ತು ನಿಮಿಷ ಮಾತುಕತೆ ನಡೀತು, ಇಬ್ಬರಿಗೂ ಅನುವಾದ ಬೇಕಾಗಲಿಲ್ಲ.

ಮೋಸ ಹೋಗಿದ್ದೂ ಇದೆ. ಟ್ರೆವಿ ಕಾರಂಜಿ ನೋಡಿ ಐದೂವರೆಗೆ ಚಿಕ್ಕವನು ಅಳೋಕೆ ಶುರು ಮಾಡಿದ. ನೀವೆಲ್ಲ ಬೇಡ ಅಂದಿದ್ದ ಆ ಫೋಟೊ ಮೆನು, ಆ ಕೈ ಬೀಸೋ ಮನುಷ್ಯ, ಅವನ ಹತ್ತಿರಾನೇ ಕೂತ್ವಿ. ತಣ್ಣಗಿದ್ದ ಪಾಸ್ತಾ, ನಾವು ಕೇಳದ ಬ್ರೆಡ್ಡಿಗೆ ಐದು ತಲೆ ಲೆಕ್ಕ, ಕೊನೆಗೆ ಸರ್ವಿಸ್ ಚಾರ್ಜ್ ಬೇರೆ. ಯಜಮಾನ್ರು ಬಿಲ್ ಹಿಡಿದು ವಾದ ಮಾಡೋಕೆ ಎದ್ರು, ಮಗ ಅಷ್ಟರಲ್ಲಿ ನಿದ್ದೆ ಹೋಗಿದ್ದ. ಕೊಟ್ಟು ಬಂದ್ವಿ. ಮಾರನೇ ದಿನದಿಂದ ಬ್ಯಾಗಿನಲ್ಲಿ ಪಿಜ್ಜಾ ಬಿಯಾಂಕಾ ತುಂಡು, ಒಳಗೆ ಚಟ್ನಿಪುಡಿ. ಮಗಳು ಈಗ ಬೆಂಗಳೂರಲ್ಲೂ ಅದನ್ನೇ ಕೇಳ್ತಿದ್ದಾಳೆ.

ಎರಡು ರಾತ್ರಿ ಎಸ್ಕ್ವಿಲೀನೊ ಮಾರುಕಟ್ಟೆಯಿಂದ ಬೇಳೆ ತಂದು ಸಾರು ಅನ್ನ ಮಾಡಿದ್ವಿ. ಅತ್ತೆ ಮಕ್ಕಳನ್ನ ನೋಡ್ಕೋತೀನಿ ಅಂದ್ರು. ಒಂದು ರಾತ್ರಿ ನಾವಿಬ್ಬರೇ ತೆಸ್ತಾಚೊಗೆ ಹೋದ್ವಿ. ನಾನು ಕಾಚೊ ಎ ಪೆಪೆ ತಿಂದೆ, ಅದು ನಾನಂದುಕೊಂಡದ್ದಕ್ಕಿಂತ ತುಂಬಾ ಉಪ್ಪು, ಆದ್ರೂ ತಟ್ಟೆ ಒರೆಸಿದೆ. ಯಜಮಾನ್ರು ಏನು ತಿಂದ್ರು ಅಂತ ಇಲ್ಲಿ ಬರೆಯಲ್ಲ. ವಾಪಸ್ ಬಂದಾಗ ಅತ್ತೆ ಅವರ ಮುಖ ನೋಡಿ "ಬಾಯಿ ತೊಳ್ಕೊಂಡು ಬಾ" ಅಂದ್ರು, ಅಷ್ಟೆ.

ಸೂರ್ಯಾಸ್ತದೊಳಗೆ_ಊಟ · ಏಪ್ರಿಲ್ 24

ಅತ್ತೆಯವರಿಗೆ ಹೇಳಿದ್ದು ಒಳ್ಳೆಯದಾಯಿತು. ನಾವು ಅಕ್ಟೋಬರ್‌ಗೆ ಹೋಗುವವರಿದ್ದೇವೆ, ಜೈನರ ಅಡುಗೆ: ಗಡ್ಡೆ ಗೆಣಸಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಹೊತ್ತು ಮುಳುಗುವ ಮೊದಲು ಊಟ. ನನ್ನ ಲೆಕ್ಕದಲ್ಲಿ ಅರ್ರಾಬ್ಬಿಯಾತಾ ಹೋಯಿತು, ಪಲ್ಯ ಹೋಯಿತು, ಆಲೂಗಡ್ಡೆ ಪಿಜ್ಜಾ ಹೋಯಿತು, ರಾತ್ರಿಯ ಹೋಟೆಲ್‌ಗಳೆಲ್ಲ ಹೋದವು. ಕಾರ್ಚೋಫಿ ಇದೆಯಲ್ಲ?

ಟೈಬರ್_ದಂಡೆ · ಏಪ್ರಿಲ್ 25

ಊರಿನ ಕಾರ್ಚೋಫಿ ಕಾಲ ಫೆಬ್ರವರಿಯಿಂದ ಏಪ್ರಿಲ್ ಕೊನೆವರೆಗೆ. ಅಕ್ಟೋಬರ್‌ನಲ್ಲಿ ಸಿಕ್ಕರೂ ಬೇರೆ ಕಡೆಯದು.

ಸೂರ್ಯಾಸ್ತದೊಳಗೆ_ಊಟ · ಏಪ್ರಿಲ್ 25

ಹಾಗಾದರೆ ಟಿಕೆಟ್ ಮಾರ್ಚ್‌ಗೆ ಬದಲಾಯಿಸುತ್ತೇನೆ. ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲ ಮುಂದೆ ನಿಂತಿರುತ್ತೇವೆ.